ಫೋನ್ ಸೈಲೆಂಟ್, ವಿಡಿಯೊ ಮಾತ್ರ ಜೋರು!

ಪ್ರಶ್ನೆ: ನನ್ನದು ಆಂಡ್ರಾಯ್ಡ್ ಫೋನ್. ಮೀಟಿಂಗ್‌ಗೆ ಹೋಗುವ ಮುಂಚೆ ಸೈಲೆಂಟ್ ಮಾಡಿರುತ್ತೇನೆ. ಆದರೂ ಯಾರೋ ಕಳಿಸಿದ ವಿಡಿಯೊ ಮುಟ್ಟಿದರೆ ಸಾಕು, ಜೋರಾಗಿ ಕೂಗಿಕೊಳ್ಳುತ್ತದೆ. ನನ್ನ ಹೆಂಡತಿಯ ಐಫೋನ್‌ನಲ್ಲಿ ಕೆಲವು ಆ್ಯಪ್ ಸುಮ್ಮನಿರುತ್ತವೆ, ಕೆಲವು ಇಲ್ಲ. ಫೋನ್ ಕೆಟ್ಟಿದೆಯಾ?

ಎರಡೂ ಫೋನ್ ಚೆನ್ನಾಗಿಯೇ ಇವೆ. ನೀವು ಒಂದು ಕಡೆ ಬಾಯಿ ಮುಚ್ಚಿಸಿದ್ದೀರಿ, ಸದ್ದು ಬರುತ್ತಿರುವುದು ಇನ್ನೊಂದು ಕಡೆಯಿಂದ.

ಆಂಡ್ರಾಯ್ಡ್‌ನಲ್ಲಿ ರಿಂಗ್‌ಟೋನ್‌ಗೆ ಒಂದು ವಾಲ್ಯೂಮ್, ಅಲಾರಂಗೆ ಒಂದು, ಕರೆಯಲ್ಲಿ ಕೇಳುವ ದನಿಗೆ ಒಂದು, ಹಾಡು ಮತ್ತು ವಿಡಿಯೊಗೆ ಬೇರೆಯೇ ಒಂದು. ಈ ಕೊನೆಯದೇ ಮೀಡಿಯಾ ವಾಲ್ಯೂಮ್. ಸೈಲೆಂಟ್ ಅಥವಾ ವೈಬ್ರೇಟ್ ಮಾಡಿದಾಗ ಸಾಮಾನ್ಯವಾಗಿ ನಿಲ್ಲುವುದು ರಿಂಗ್‌ಟೋನ್ ಮತ್ತು ನೋಟಿಫಿಕೇಶನ್ ಸದ್ದು ಮಾತ್ರ. ಮೀಡಿಯಾ ನಿನ್ನೆ ರಾತ್ರಿ ನೀವು ಸಿನಿಮಾ ನೋಡುವಾಗ ಎಷ್ಟಿತ್ತೋ ಅಷ್ಟೇ ಇರುತ್ತದೆ. ಹಾಗಾಗಿ ಮೀಟಿಂಗ್‌ಗೆ ಮುಂಚೆ ವಾಲ್ಯೂಮ್ ಗುಂಡಿ ಒಮ್ಮೆ ಒತ್ತಿ. ಪಕ್ಕದಲ್ಲಿ ಮೂಡುವ ಪಟ್ಟಿಯಲ್ಲಿ ಸಂಗೀತದ ಚಿಹ್ನೆ ಇರುವುದನ್ನು ತಳಕ್ಕೆ ಎಳೆಯಿರಿ. ಕೆಲವು ಫೋನ್‌ಗಳಲ್ಲಿ ಸೈಲೆಂಟ್ ಜೊತೆಗೇ ಮೀಡಿಯಾವನ್ನೂ ನಿಲ್ಲಿಸುವ ಆಯ್ಕೆ ಇದೆ, ಸೆಟ್ಟಿಂಗ್ಸ್‌ನ ಸೌಂಡ್ ಭಾಗದಲ್ಲಿ ಹುಡುಕಿ ನೋಡಿ.

ಐಫೋನ್ ಕಥೆ ಬೇರೆ. ಅಲ್ಲಿ ಪಕ್ಕದ ಸೈಲೆಂಟ್ ಸ್ವಿಚ್‌ಗೆ (ಹೊಸ ಐಫೋನ್‌ಗಳಲ್ಲಾದರೆ ಸೈಲೆಂಟ್ ಮೋಡ್‌ಗೆ) ಮರ್ಯಾದೆ ಕೊಡಬೇಕೋ ಬೇಡವೋ ಅಂತ ನಿರ್ಧರಿಸುವುದು ಆ್ಯಪ್ ಬರೆದವರು. ಪ್ರತಿ ಆ್ಯಪ್ ತನ್ನ ಸದ್ದು ಯಾವ ಬಗೆಯದು ಅಂತ ಫೋನ್‌ಗೆ ಹೇಳಿಕೊಳ್ಳುತ್ತದೆ. ಏನೂ ಹೇಳದಿದ್ದರೆ ಸ್ವಿಚ್ ಹೇಳಿದಂತೆ ಕೇಳುತ್ತದೆ. ‘ಆ್ಯಂಬಿಯೆಂಟ್’ ಅಂದರೂ ಅಷ್ಟೇ. ‘ಪ್ಲೇಬ್ಯಾಕ್’ ಅಂದರೆ ಮಾತ್ರ ಸ್ವಿಚ್ ಏನೇ ಹೇಳಲಿ, ಸದ್ದು ಬಂದೇ ಬರುತ್ತದೆ. ಆ್ಯಪಲ್‌ನ ಲೆಕ್ಕ ಸರಿಯಾಗಿಯೇ ಇದೆ: ಹಾಡಿನ ಆ್ಯಪ್ ತೆರೆದು ಪ್ಲೇ ಒತ್ತಿದವರು ಕೇಳಬೇಕು ಅಂತಲೇ ಒತ್ತಿರುತ್ತಾರೆ. ತೊಂದರೆ ಇರುವುದು ಫೀಡ್‌ನಲ್ಲಿ ತಾನಾಗಿಯೇ ಶುರುವಾಗುವ ವಿಡಿಯೊಗೂ ಅದೇ ಸವಲತ್ತು ತೆಗೆದುಕೊಳ್ಳುವ ಆ್ಯಪ್‌ಗಳಲ್ಲಿ.

ಇನ್ನೊಂದು ವಿಷಯ. ವಿಡಿಯೊದ ಮೂಲೆಯಲ್ಲಿ ಗೀಟು ಹೊಡೆದ ಸ್ಪೀಕರ್ ಚಿಹ್ನೆ ಇರುತ್ತದಲ್ಲ, ಅದು ಆ್ಯಪ್‌ನದೇ ಸ್ವಂತ ಮ್ಯೂಟ್. ಫೋನ್‌ನ ವಾಲ್ಯೂಮ್‌ಗೂ ಅದಕ್ಕೂ ಸಂಬಂಧವಿಲ್ಲ. ಒಂದು ವಿಡಿಯೊದಲ್ಲಿ ತೆಗೆದರೆ ಮುಂದಿನವಕ್ಕೆಲ್ಲ ಸದ್ದು ಬರುವ ಆ್ಯಪ್‌ಗಳಿವೆ. ವಾಲ್ಯೂಮ್ ಏರಿಸುವ ಗುಂಡಿ ಮುಟ್ಟಿದರೂ ಮ್ಯೂಟ್ ತೆಗೆದುಬಿಡುವ ಆ್ಯಪ್‌ಗಳೂ ಇವೆ. ಜೇಬಿಗೆ ಹಾಕುವಾಗ ಬೆರಳು ತಗುಲಿದರೂ ಸಾಕು.

ಪ್ರಶ್ನೆ: ಕೆಲವು ಕಡೆ ವಿಡಿಯೊ ಮೂಕವಾಗಿ ಶುರುವಾಗುತ್ತದೆ, ಕೆಲವು ಕಡೆ ಸದ್ದಿನ ಜೊತೆಗೇ. ಇದನ್ನು ಯಾರು ತೀರ್ಮಾನ ಮಾಡುತ್ತಾರೆ?

ಬ್ರೌಸರ್ ಒಳಗಾದರೆ ಬ್ರೌಸರ್. 2016ರಲ್ಲಿ ಐಒಎಸ್ 10 ಬಂದಾಗ ಐಫೋನ್‌ನ ಸಫಾರಿ, ಅದೇ ವರ್ಷ ಆಂಡ್ರಾಯ್ಡ್‌ನ ಕ್ರೋಮ್, ವೆಬ್ ಪುಟದ ವಿಡಿಯೊ ತಾನಾಗಿ ಓಡಲು ಒಪ್ಪಿದವು. ಷರತ್ತು ಒಂದೇ, ಸದ್ದು ಇರಕೂಡದು. ಮೌನ ಅನ್ನುವುದು ಆಟೊಪ್ಲೇಗೆ ಕಟ್ಟಬೇಕಾದ ಸುಂಕ. ಸಫಾರಿಯಲ್ಲಿ ಈ ಕಟ್ಟುನಿಟ್ಟು ಎಷ್ಟೆಂದರೆ, ನೀವು ಮುಟ್ಟದೆ ವಿಡಿಯೊ ತಾನೇ ಮ್ಯೂಟ್ ತೆಗೆಯಲು ನೋಡಿದರೆ ಅಲ್ಲೇ ನಿಲ್ಲಿಸುತ್ತದೆ.

ಒಪ್ಪುವುದಕ್ಕೆ ಕಾರಣವೂ ಇತ್ತು. ವಿಡಿಯೊ ಓಡದ ಕಾರಣ ಜನ ಜಿಫ್ (ಸದ್ದಿಲ್ಲದೆ ಚಲಿಸುವ ಚಿತ್ರ) ಹಾಕುತ್ತಿದ್ದರು. ಅದೇ ದೃಶ್ಯಕ್ಕೆ ಜಿಫ್ ವಿಡಿಯೊಗಿಂತ 12 ಪಟ್ಟಿನವರೆಗೂ ಡೇಟಾ ತಿನ್ನಬಲ್ಲದು ಎಂದು ಸಫಾರಿಯ ಎಂಜಿನ್ ತಂಡವೇ ಹೇಳಿತ್ತು. ಅದಕ್ಕಿಂತ ಮೂಕ ವಿಡಿಯೊ ವಾಸಿ ಅಲ್ವಾ?

ಆ್ಯಪ್ ಒಳಗೆ ಆ ಸುಂಕ ಇಲ್ಲ, ಮಾಲೀಕರು ಹೇಳಿದ್ದೇ ನಡೆಯುತ್ತದೆ. ಫೇಸ್‌ಬುಕ್ 2013ರಲ್ಲಿ ಫೀಡ್‌ನಲ್ಲಿ ವಿಡಿಯೊ ತಾನಾಗಿ ಓಡಿಸಲು ಶುರು ಮಾಡಿದಾಗ ಸದ್ದಿರಲಿಲ್ಲ. 2017ರ ಫೆಬ್ರವರಿಯಲ್ಲಿ ನಿಲುವು ಬದಲಾಯಿತು: ಸ್ಕ್ರೋಲ್ ಮಾಡುವಾಗ ಸದ್ದು ಮೆಲ್ಲಗೆ ಏರುತ್ತದೆ, ಫೋನ್ ಸೈಲೆಂಟ್‌ನಲ್ಲಿದ್ದರೆ ಬರುವುದಿಲ್ಲ, ಬೇಡದವರು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು ಅಂತ ಪ್ರಕಟಿಸಿದರು. ಟಿಕ್‌ಟಾಕ್ ಥರದ ಆ್ಯಪ್‌ಗಳು ಮೊದಲಿಂದಲೂ ಸದ್ದಿನವು. ಹಾಡಿಗೆ ತುಟಿ ಆಡಿಸುವ ವಿಡಿಯೊವನ್ನು ಮ್ಯೂಟ್ ಮಾಡಿ ನೋಡಿದರೆ ಏನು ಉಳಿಯುತ್ತದೆ ಹೇಳಿ!

ಪ್ರಶ್ನೆ: ಮ್ಯೂಟ್ ಮಾಡಿ ನೋಡಿದರೆ ಡೇಟಾ ಉಳಿಯುತ್ತದಾ?

ಇಲ್ಲ ಅಂದುಕೊಳ್ಳಿ. ಸಾಮಾನ್ಯವಾಗಿ ಸದ್ದೂ ಡೌನ್‌ಲೋಡ್ ಆಗಿ ಬಂದಿರುತ್ತದೆ, ಸ್ಪೀಕರ್‌ಗೆ ಹೋಗುವುದಿಲ್ಲ ಅಷ್ಟೇ. ಬರದಿದ್ದರೂ ಉಳಿತಾಯ ಪುಡಿಗಾಸು. ಸೆಕೆಂಡಿಗೆ 128 ಕಿಲೋಬಿಟ್‌ನ ಆಡಿಯೊ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಜಾಸ್ತಿ ತಿನ್ನುವುದು ಚಿತ್ರ. ಡೇಟಾ ಉಳಿಸಬೇಕಾದರೆ ಆಟೊಪ್ಲೇ ಆಫ್ ಮಾಡಿ, ಅಥವಾ ವೈಫೈ ಇದ್ದಾಗ ಮಾತ್ರ ಅಂತ ಇಡಿ.

ಪ್ರಶ್ನೆ: ನಾನು ಸಣ್ಣದೊಂದು ವಿಡಿಯೊ ಆ್ಯಪ್ ಮಾಡುತ್ತಿದ್ದೇನೆ. ಸದ್ದು ಮೊದಲೇ ಆನ್ ಇರಲಾ, ಆಫ್ ಇರಲಾ?

ನೋಡುವವರು ತಾವೇ ಮುಟ್ಟಿ ತೆರೆದ ವಿಡಿಯೊಗೆ ಆನ್. ಸ್ಕ್ರೋಲ್ ಮಾಡುವಾಗ ತಾನಾಗಿ ಶುರುವಾಗುವುದಕ್ಕೆ ಆಫ್. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಕಣ್ಣು ಕಾಣದವರು ಪರದೆಯಲ್ಲಿ ಏನಿದೆ ಅಂತ ತಿಳಿಯುವುದು ಸ್ಕ್ರೀನ್ ರೀಡರ್ ಓದುವ ದನಿಯಿಂದ. ಅದರ ಮೇಲೆ ವಿಡಿಯೊ ಕೂಗಿದರೆ ನಿಲ್ಲಿಸುವ ಗುಂಡಿ ಎಲ್ಲಿದೆ ಅಂತಲೂ ಅವರಿಗೆ ಕೇಳಿಸುವುದಿಲ್ಲ. 3 ಸೆಕೆಂಡಿಗಿಂತ ಹೆಚ್ಚು ತಾನಾಗಿ ಮೊಳಗುವ ಸದ್ದನ್ನು ನಿಲ್ಲಿಸಲು ಅಥವಾ ತಗ್ಗಿಸಲು ದಾರಿ ಇರಲೇಬೇಕು ಅಂತ ವೆಬ್ ಪುಟಗಳಿಗೆ ಡಬ್ಲ್ಯುಸಿಎಜಿ (ಅಂಗವಿಕಲರೂ ವೆಬ್ ಬಳಸುವಂತಿರಬೇಕು ಎಂಬ ಮಾರ್ಗಸೂಚಿ) ನಿಯಮ ಇರುವುದು ಇದಕ್ಕೇ. ಆ್ಯಪ್‌ಗೂ ಅದನ್ನೇ ಪಾಲಿಸಿ.

ಆಫ್ ಇಟ್ಟ ಮೇಲೆ ಇನ್ನೂ ಕೆಲಸವಿದೆ. ಬಹಳ ಜನ ಎಡವುವುದು ಇಲ್ಲಿ: ವಿಡಿಯೊ ಮೂಕವಾಗಿದ್ದರೂ ಆ್ಯಪ್ ಹೋಗಿ ಆಡಿಯೊ ಫೋಕಸ್, ಅಂದರೆ ಈಗ ಸದ್ದು ಮಾಡುವ ಸರದಿ ನನ್ನದು ಅನ್ನುವ ಹಕ್ಕು, ಕೇಳಿಬಿಡುತ್ತದೆ. ಪಾಪ, ಹಿಂದೆ ಹಾಡು ಕೇಳುತ್ತಿದ್ದವರ ಹಾಡು ನಿಂತುಹೋಗುತ್ತದೆ, ಬದಲಿಗೆ ಏನೂ ಕೇಳಿಸುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಮ್ಯೂಟ್ ತೆಗೆದಾಗ ಮಾತ್ರ ಫೋಕಸ್ ಕೇಳಿ. ಐಫೋನ್‌ನಲ್ಲಿ ಆ್ಯಂಬಿಯೆಂಟ್‌ನಿಂದ ಶುರು ಮಾಡಿ, ಸ್ಪೀಕರ್ ಚಿಹ್ನೆ ಮುಟ್ಟಿದ ಮೇಲೆ ಪ್ಲೇಬ್ಯಾಕ್‌ಗೆ ಬದಲಿಸಿ. ಚಿಹ್ನೆ ಬೆರಳಿಗೆ ಸಿಗುವಷ್ಟು ದೊಡ್ಡದಿರಲಿ, ತಿಳಿ ಬಣ್ಣದ ಚಿತ್ರದ ಮೇಲೂ ಕಾಣುವಂತಿರಲಿ. ಮಾತಿನ ವಿಡಿಯೊಗೆ ಕ್ಯಾಪ್ಶನ್ ಹಾಕಿ. ಆಡಿಯೊ ಟ್ರ್ಯಾಕೇ ಇಲ್ಲದ ವಿಡಿಯೊ ಆದರೆ ಚಿಹ್ನೆ ತೋರಿಸಲೇಬೇಡಿ, ಜನ ಸುಮ್ನೆ ಒತ್ತಿ ಒತ್ತಿ ಬೈದುಕೊಳ್ಳುತ್ತಾರೆ.

ಬಿಡುಗಡೆಗೆ ಮುಂಚೆ ಒಂದು ಪರೀಕ್ಷೆ ತಪ್ಪಿಸಬೇಡಿ. ಸದ್ದು ಆನ್ ಇಟ್ಟು ವಿಡಿಯೊ ಓಡುತ್ತಿರುವಾಗ ಇಯರ್‌ಫೋನ್ ಕಿತ್ತು ನೋಡಿ. ವಿಡಿಯೊ ತಕ್ಷಣ ನಿಲ್ಲಬೇಕು. ಆಂಡ್ರಾಯ್ಡ್ ಇದಕ್ಕಂತಲೇ ‘ಬಿಕಮಿಂಗ್ ನಾಯ್ಸಿ’ ಎಂಬ ಸೂಚನೆ ಕಳಿಸುತ್ತದೆ, ಐಒಎಸ್ ರೂಟ್ (ಸದ್ದು ಹೋಗುವ ದಾರಿ) ಬದಲಾಯಿತು ಅಂತ ತಿಳಿಸುತ್ತದೆ. ಬ್ಲೂಟೂತ್ ಆಫ್ ಮಾಡಿಯೂ ಇದನ್ನೇ ಇನ್ನೊಮ್ಮೆ ಮಾಡಿ ನೋಡಿ.