ವರದಿ ಬಂದಿದ್ದು ಕ್ಯಾನ್ಸರ್ ಕೇಂದ್ರಕ್ಕೆ, ನಿದ್ದೆ ಕೆಟ್ಟಿದ್ದು ಇವರಿಗೆ

(ಅವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ಗುರುತು ಸಿಗುವ ವಿವರ ಬದಲಿಸಿದ್ದೇನೆ.)

ನನಗೆ ಬೆಳಗ್ಗೆ ಎಂಟೂವರೆ, ಅವರಿಗೆ ಹಿಂದಿನ ರಾತ್ರಿ ಒಂಬತ್ತು. ವಿಡಿಯೋ ಕಾಲ್‌ನಲ್ಲಿ ನನ್ನ ಸಲಹೆ ಕೇಳಿದ ಇವರನ್ನು ಸುಮತಿ ಅಂತ ಕರೆಯೋಣ. ವಯಸ್ಸು 46, ಶಿವಮೊಗ್ಗ ಕಡೆಯವರು. ಅಮೆರಿಕದ ಒಂದು ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಯೋಜನೆ ಮತ್ತು ಮೌಲ್ಯಮಾಪನ ನೋಡಿಕೊಳ್ಳುತ್ತಾರೆ. ಮೂರು ವಾರದಿಂದ ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ನಿದ್ದೆ ಇಲ್ಲ. "ಕೆಲಸ ಬಿಟ್ಟು ಊರಿಗೆ ಬಂದುಬಿಡ್ಲಾ ಮೇಡಂ?" ಅಂತಲೇ ಮಾತು ಶುರು ಮಾಡಿದರು.

ದುಡಿದು ಸುಸ್ತಾಗಿದ್ದಾರೆ, ರಜೆ ಬೇಕು ಅಂದುಕೊಂಡೆ. ಹಾಗೇ ಹೇಳಿಯೂ ಬಿಟ್ಟೆ. ಅದು ನನ್ನ ಅವಸರ. ಎರಡನೇ ಸಲ ಮಾತಾಡಿದಾಗಲೇ ಆ ವರದಿಯ ಸುದ್ದಿ ಹೊರಬಂದಿದ್ದು.

ಅಲ್ಲಿನ ಪದ್ಧತಿ ಸ್ವಲ್ಪ ಹೇಳಬೇಕು. 1971ರ ಕ್ಯಾನ್ಸರ್ ಕಾಯ್ದೆಯ ನಂತರ ಅಲ್ಲಿನ ಸರ್ಕಾರದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಆಯ್ದ ಕೇಂದ್ರಗಳಿಗೆ ಮಾನ್ಯತೆ ಕೊಡುತ್ತ ಬಂದಿದೆ. ಈಗ ಅಂಥವು 70ಕ್ಕೂ ಜಾಸ್ತಿ. ಜೊತೆಗೆ ಕೇಂದ್ರ ನಡೆಸಲು ಸಿಗುವ ಪಿ30 ಎಂಬ ಅನುದಾನವನ್ನು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಮತ್ತೆ ಪೈಪೋಟಿ ಮಾಡಿ ಗೆಲ್ಲಬೇಕು. ಹಾಗಾಗಿ ಕೇಂದ್ರಗಳು ಹೊರಗಿನ ತಜ್ಞರ ಸಲಹಾ ಮಂಡಳಿ ಕಟ್ಟಿಕೊಂಡು, ಅವರನ್ನು ಕರೆಸಿ ತಪ್ಪು ಹುಡುಕಿಸುತ್ತವೆ. ಅಸಲಿ ಪರೀಕ್ಷಕರು ಬೈಯುವ ಮೊದಲು ಬೇಕಾದವರೇ ಬೈಯಲಿ ಅಂತ.

ಆ ಮಂಡಳಿಯ ವರದಿ ಬಂದಿತ್ತು. "ಇದನ್ನು ಸ್ವಲ್ಪ ಮೆದು ಮಾಡಿ ಉಳಿದವರಿಗೆ ಕಳಿಸಿ" ಅಂತ ಸುಮತಿಗೆ ಹೇಳಿದ್ದರು ಕೇಂದ್ರದ ನಿರ್ದೇಶಕರು.

ಸುಮತಿ ಅದನ್ನು ಕ್ಯಾಮೆರಾ ಮುಂದೆ ಹಿಡಿದರು. ಮೂಲೆಯಲ್ಲಿ ಚಹಾ ಲೋಟದ ಕಲೆ. ಹಳದಿ ಮಾರ್ಕರ್ ಹಾಳೆಯ ಹಿಂದಕ್ಕೂ ಇಳಿದಿತ್ತು. ಗೀಟು ಹಾಕಿದ ಆಕ್ಷೇಪ ಎಷ್ಟಿವೆ ಅಂದೆ. ಏಳು. "ಒಂದೊಂದರ ಪಕ್ಕದಲ್ಲೂ, ಇದನ್ನು ಸರಿ ಮಾಡೋ ಅಧಿಕಾರ ಯಾರಿಗಿದೆ ಅಂತ ಬರೀರಿ." ಪೆನ್ನಿನ ಸದ್ದು ಕೇಳುತ್ತಿತ್ತು. ಎರಡು ಇವರದ್ದು, ಒಂದು ಪ್ರೋಗ್ರಾಂ ಲೀಡರ್‌ಗಳದ್ದು (ಸಂಶೋಧನಾ ವಿಭಾಗಗಳ ಮುಖ್ಯಸ್ಥರು), ಉಳಿದ ನಾಲ್ಕು ನಿರ್ದೇಶಕರದ್ದು. ಕೊನೆಯದಕ್ಕೆ ಬಂದಾಗ ಪೆನ್ನು ನಿಂತಿತು. ಹಳ್ಳಿ ಕಡೆಯ ಕೌಂಟಿಗಳ (ನಮ್ಮ ಜಿಲ್ಲೆಗಳ ಥರ) ರೋಗಿಗಳು ಕ್ಲಿನಿಕಲ್ ಟ್ರಯಲ್‌ಗಳಿಗೆ, ಅಂದರೆ ಹೊಸ ಚಿಕಿತ್ಸೆಗಳ ಪ್ರಯೋಗಗಳಿಗೆ, ತೀರಾ ಕಡಿಮೆ ಸೇರುತ್ತಿದ್ದಾರೆ ಅನ್ನುವ ಆಕ್ಷೇಪ ಅದು.

"ಇದನ್ನ ಎರಡು ವರ್ಷದ ಹಿಂದೆಯೇ ಬರೆದುಕೊಟ್ಟಿದ್ದೆ ಮೇಡಂ. ಪ್ಲಾನ್‌ನಿಂದ ನಿರ್ದೇಶಕರೇ ತೆಗೆಸಿದ್ರು."

ನನ್ನ ಪುಸ್ತಕದಲ್ಲಿ 'ಭಯ' ಅಂತ ಬರೆದಿದ್ದನ್ನು ಹೊಡೆದುಹಾಕಿ 'ಸಿಟ್ಟು' ಅಂತ ಬರೆದೆ.

ಒಂದು ತಮಾಷೆ ಗೊತ್ತಾ? ಅಲ್ಲಿ ಅನುದಾನದ ಅರ್ಜಿಗೆ ಕೊಡುವ ಅಂಕ ನಮ್ಮದಕ್ಕೆ ಉಲ್ಟಾ. 10 ಬಂದರೆ ಅತ್ಯುತ್ತಮ, 90 ಬಂದರೆ ಕಳಪೆ. ದಿನಾ ಅಂಥ ಅಂಕಗಳ ಜೊತೆ ಏಗುವವರು ಈ ವರದಿಯನ್ನು ಮಾತ್ರ ಅಪ್ಪನ ಸಹಿ ಬೇಕಾದ ಮಾರ್ಕ್ಸ್ ಕಾರ್ಡ್ ಥರ ಹಿಡಿದುಕೊಂಡು ಕೂತಿದ್ದರು. ಹಾಗಂತ ಹೇಳಿದೆ. ಆವತ್ತೇ ಅವರು ನಕ್ಕಿದ್ದು.

ನಿದ್ದೆ ವಿಷಯಕ್ಕೆ ಅಲ್ಲಿನ ಡಾಕ್ಟರನ್ನು ನೋಡಿ, ಅದು ಸರಿಹೋಗುವವರೆಗೆ ರಾಜೀನಾಮೆ ಮಾತು ಬೇಡ ಅಂದೆ. ವರದಿಯ ಒಂದು ಪದವನ್ನೂ ಮುಟ್ಟಬೇಡಿ, ಮುಟ್ಟಿದರೆ ನಾಳೆ ಅದೂ ನಿಮ್ಮ ತಲೆಗೇ ಬರುತ್ತದೆ. ಬದಲಿಗೆ ಜೊತೆಗೊಂದು ಹಾಳೆ ಇಡಿ: ಆಕ್ಷೇಪ ಏನು, ತೀರ್ಮಾನ ಯಾರದ್ದು, ಯಾವ ತಿಂಗಳೊಳಗೆ, ಸರಿಹೋಯಿತು ಅಂತ ಗೊತ್ತಾಗೋದು ಹೇಗೆ. ಮೊದಲು ನಿರ್ದೇಶಕರೊಬ್ಬರಿಗೇ ತೋರಿಸಿ. ನಾಲ್ಕು ಜನರ ಎದುರು ತೆಗೆದರೆ ಅವರು ಮರ್ಯಾದೆ ಉಳಿಸಿಕೊಳ್ಳಲು ನೋಡುತ್ತಾರೆ, ನಿಮ್ಮ ಮಾತು ಕಿವಿಗೇ ಹೋಗೋದಿಲ್ಲ. ಹಳೇ ಟಿಪ್ಪಣಿ ಎತ್ತಲಾ ಅಂದರು. ಜಗಳಕ್ಕೆ ಬೇಡ, ತಾರೀಖು ಸಮೇತ ಫೈಲಿನಲ್ಲಿರಲಿ ಅಂದೆ.

ಆ ಭೇಟಿಯನ್ನು ವಿಡಿಯೋ ಕಾಲ್‌ನಲ್ಲೇ ಆಡಿ ನೋಡಿದೆವು. ನಾನು ನಿರ್ದೇಶಕ. ಎರಡು ಸಲ 'ಸಾರಿ' ಎಂದೇ ಶುರು ಮಾಡಿದರು. ಮೂರನೇ ಸಲ ಹಾಳೆ ಮುಂದೆ ಹಿಡಿದು, "ಇದರಲ್ಲಿ ನಾಲ್ಕಕ್ಕೆ ನಿಮ್ಮ ತೀರ್ಮಾನ ಬೇಕು" ಅಂದರು. ಇಷ್ಟು ಸಾಕು ಅಂದೆ.

ನಿಜವಾದ ಭೇಟಿ ಅಷ್ಟೇನೂ ಚೆನ್ನಾಗಿ ಆಗಲಿಲ್ಲ. ನಿರ್ದೇಶಕರು ಮುಖ ಗಂಟು ಹಾಕಿಕೊಂಡರಂತೆ. ಆದರೂ ವರದಿ ಇದ್ದ ಹಾಗೇ ಹೋಯಿತು, ಹಳ್ಳಿ ರೋಗಿಗಳ ವಿಷಯ ಪ್ಲಾನಿಗೆ ಸೇರಿತು. ಈಗ ವಾರದಲ್ಲಿ ನಾಲ್ಕೈದು ರಾತ್ರಿ ನಿದ್ದೆ ಬರುತ್ತದೆ. ಹೋದ ತಿಂಗಳು ಆ ಹಾಳೆ ಮತ್ತೆ ತೋರಿಸಿದರು. 'ತೀರ್ಮಾನ ಯಾರದ್ದು' ಅನ್ನುವ ಕಾಲಮ್ಮಿನಲ್ಲಿ ಒಂದು ಜಾಗ ಖಾಲಿ. ಅದು ತನ್ನದು ಅಂತ ನಿರ್ದೇಶಕರು ಒಪ್ಪಿಲ್ಲ.

"ಸುಮ್ನೆ ನನ್ನ ಹೆಸರೇ ಬರೆದುಬಿಡ್ಲಾ ಮೇಡಂ?"

"ಬೇಡ. ಖಾಲಿಯಾಗೇ ಮೀಟಿಂಗಿಗೆ ತಗೊಂಡು ಹೋಗಿ."