ಜೀವಕೋಶ ತೆಗೆದ ರಕ್ತನಾಳದೊಳಗೆ ಬಿತ್ತಿದ ಎಂಡೋಥೀಲಿಯಲ್ ಕೋಶಗಳು (ನಾಳದ ಒಳಪದರದ ಕೋಶಗಳು) ಎರಡೇ ದಿನಕ್ಕೆ ಉದುರುತ್ತಿವೆ. ಕೋಶ ಅಂಟಲು ನೆರವಾಗುವ ಪ್ರೋಟೀನ್‌ಗಳಲ್ಲಿ ಫೈಬ್ರೊನೆಕ್ಟಿನ್ ಲೇಪಿಸಲೋ, ಜೆಲಾಟಿನ್ ಲೇಪಿಸಲೋ? ಇದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಎರಡೂ ಬೇಡ. ಕುರಿಯ ಕತ್ತಿನ ಅಪಧಮನಿ, ಹಳೆಯ ಕೋಶ ತೆಗೆಯಲು ಎಸ್‌ಡಿಎಸ್ (ಸೋಡಿಯಂ ಡೋಡೆಸಿಲ್ ಸಲ್ಫೇಟ್ ಎಂಬ ಡಿಟರ್ಜೆಂಟ್), ಹಳೆಯ ಕೋಶ ಉಳಿದಿದೆಯೇ ಎಂದು ನೋಡುವ ಡಿಎನ್‌ಎ ಪರೀಕ್ಷೆಯಲ್ಲಿ ಪಾಸು, ಆದರೂ ಕೋಶ ನಿಲ್ಲುತ್ತಿಲ್ಲ ಎಂದಿದ್ದೀರಿ. ನನ್ನ ಹಳೆಯ ಲ್ಯಾಬ್ ಪುಸ್ತಕದಲ್ಲೂ ಇದೇ ಇದೆ. ನಾನೂ ಲೇಪನ ಬದಲಿಸುತ್ತಲೇ ಹೋದೆ, ತಪ್ಪು ಇದ್ದದ್ದು ತೊಳೆಯುವುದರಲ್ಲಿ.

ನಾನು ಮಾಡುತ್ತಿದ್ದದ್ದು ಹೀಗೆ. ಮೊದಲು 10 ಮಿಲಿಮೋಲಾರ್ ಟ್ರಿಸ್ ಬಫರ್ (ಪಿಎಚ್ 8) ಮತ್ತು ಕ್ಯಾಲ್ಸಿಯಂ ಹಿಡಿದಿಡುವ ಇಡಿಟಿಎ 0.1%, ಒಂದು ರಾತ್ರಿ. ಆಮೇಲೆ ಅದೇ ಟ್ರಿಸ್‌ನಲ್ಲಿ 0.1% ಎಸ್‌ಡಿಎಸ್, 24 ಗಂಟೆ. ಇಲ್ಲಿಯವರೆಗೆ ಸರಿ. ಎಸ್‌ಡಿಎಸ್ ಚೆಲ್ಲಿದ ಕೂಡಲೇ ನಾಳವನ್ನು 4 ಡಿಗ್ರಿ ಫ್ರಿಜ್‌ನಿಂದ ತೆಗೆದ ಪಿಬಿಎಸ್‌ಗೆ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರಿಗೆ) ಹಾಕುತ್ತಿದ್ದೆ, ಅಂಗಾಂಶ ಕೆಡಬಾರದೆಂದು. ಕೆಲಸ ಕೆಟ್ಟದ್ದು ಅಲ್ಲೇ.

ಪಿಬಿಎಸ್‌ನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ, ಸಾಮಾನ್ಯವಾಗಿ 2.7 ಮಿಲಿಮೋಲಾರ್. ಎಸ್‌ಡಿಎಸ್‌ನ ಡೋಡೆಸಿಲ್ ಸಲ್ಫೇಟ್ ಪೊಟ್ಯಾಸಿಯಂ ಜೊತೆ ಸೇರಿದರೆ ನೀರಿನಲ್ಲಿ ಕರಗುವುದು ಅತ್ಯಲ್ಪ. ತಣ್ಣಗಾದರೆ ಇನ್ನೂ ಕಡಿಮೆ. ಎಸಿ ಕೋಣೆಯಲ್ಲಿಟ್ಟ 10% ಎಸ್‌ಡಿಎಸ್ ಬಾಟಲಿಯ ತಳದಲ್ಲಿ ಬಿಳಿ ಹರಳು ಕಟ್ಟುವುದನ್ನು ನೀವು ನೋಡಿಯೇ ಇರುತ್ತೀರಿ. ನಾಳದ ಗೋಡೆಯ ಕೊಲಾಜನ್ ಎಳೆಗಳ ನಡುವೆ ಆಗುವುದೂ ಅದೇ. ತೊಳೆದ ನೀರು ಮಬ್ಬಾದಾಗ ನಾನು ಅದನ್ನು ಪ್ರೋಟೀನ್ ಚೂರು ಅಂದುಕೊಂಡೆ. ನೊರೆ ಬರುವುದು ನಿಂತಾಗ ಡಿಟರ್ಜೆಂಟ್ ಹೋಯಿತು ಅಂದುಕೊಂಡೆ. ಅದು ಹೋಗಿರಲಿಲ್ಲ, ಒಳಗೇ ಹರಳಾಗಿ ಕೂತಿತ್ತು.

ಈ ನಾಳವನ್ನು 37 ಡಿಗ್ರಿಗೆ ಇಟ್ಟಾಗ ಹರಳು ಮೆಲ್ಲಗೆ ಕರಗಿ ಮಾಧ್ಯಮಕ್ಕೆ (ಕೋಶ ಬೆಳೆಸುವ ಪೋಷಕ ದ್ರವಕ್ಕೆ) ಇಳಿಯುತ್ತದೆ, ಕೋಶದ ಪೊರೆಯನ್ನು ತಿನ್ನುತ್ತದೆ. ಮೊದಲ ದಿನ ಚೆನ್ನಾಗಿ ಅಂಟಿದ ಕೋಶಗಳು ಎರಡನೆಯ ದಿನ ದುಂಡಗಾಗಿ ಕಳಚುವುದು ಅದಕ್ಕೇ. ಲೇಪನದ ತಪ್ಪಾಗಿದ್ದರೆ ಮೊದಲ ಕೆಲವು ಗಂಟೆಗಳಲ್ಲೇ ಅಂಟುತ್ತಿರಲಿಲ್ಲ. ಒಂದು ಮಿಲಿಗ್ರಾಂ ಒಣ ಅಂಗಾಂಶಕ್ಕೆ 50 ನ್ಯಾನೊಗ್ರಾಂಗಿಂತ ಕಡಿಮೆ ಡಿಎನ್‌ಎ ಎಂಬ ಮಾನದಂಡ ಹಳೆಯ ಕೋಶ ಹೋಗಿದೆಯೇ ಎಂದು ಹೇಳುತ್ತದೆಯೇ ಹೊರತು ಎಸ್‌ಡಿಎಸ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ನಾಳೆಯೇ ಒಂದು ಪರೀಕ್ಷೆ ಮಾಡಿ. ಗೋಡೆಯ ತುಂಡನ್ನು ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ 24 ಗಂಟೆ ನೆನೆಸಿ, 3 ಚದರ ಸೆಂಟಿಮೀಟರಿಗೆ 1 ಮಿಲಿಲೀಟರ್ ಲೆಕ್ಕದಲ್ಲಿ. ಆ ಮಾಧ್ಯಮವನ್ನು ತಟ್ಟೆಯಲ್ಲಿ ಬೆಳೆದ ಆರೋಗ್ಯವಂತ ಕೋಶಗಳಿಗೆ ಹಾಕಿ. ಅವು ಸತ್ತರೆ ಲೇಪನದ ಚರ್ಚೆ ಅಲ್ಲಿಗೆ ಮುಗಿಯಿತು. ಉಳಿಕೆಯ ಪ್ರಮಾಣ ಬೇಕಿದ್ದರೆ ಎಸ್‌ಡಿಎಸ್ ಜೊತೆ ಸೇರುವ ಮೆಥಿಲೀನ್ ಬ್ಲೂ ಬಣ್ಣ ಸೇರಿಸಿ ಕ್ಲೋರೊಫಾರ್ಮ್‌ಗೆ ಎಳೆದು ನೀಲಿಯ ಗಾಢತೆ ಅಳೆಯಿರಿ.

ತೊಳೆಯುವಾಗ ಮೊದಲ ದಿನವೆಲ್ಲ ಕೋಣೆಯ ಉಷ್ಣತೆಯಲ್ಲಿ, 25 ಡಿಗ್ರಿಗಿಂತ ಕೆಳಗಿಳಿಯದಂತೆ, ಪೊಟ್ಯಾಸಿಯಂ ಇಲ್ಲದ ತೆಳು ಟ್ರಿಸ್ ಅಥವಾ ಶುದ್ಧ ನೀರು ಬಳಸಿ. ಎರಡು ಗಂಟೆಗೊಮ್ಮೆ ಬದಲಿಸಿ. ಶೇಕರ್ ಮೇಲೆ ಅಲ್ಲಾಡಿಸಿದರೆ ಸಾಲದು, ಪಂಪಿನಿಂದ ನಾಳದ ಒಳಗೇ ಹರಿಸಬೇಕು. ಪಿಬಿಎಸ್ ಕೊನೆಗೆ ಬರಲಿ.

ಇನ್ನೊಂದು ಮಾತು. ರೋಗಿಗೆ ಹಾಕುವುದೇ ಗುರಿಯಾಗಿದ್ದರೆ ಕೋಶ ಬಿತ್ತಲೇಬೇಕೆಂಬ ನಿಮ್ಮ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ಅಮೆರಿಕದ ವಿಜ್ಞಾನಿ ಲಾರಾ ನಿಕ್ಲಾಸನ್ 1999ರಲ್ಲಿ ಪಿಜಿಎ ಎಂಬ ಕರಗುವ ಪಾಲಿಮರ್ ಜಾಲರಿಯ ಮೇಲೆ ಸ್ನಾಯುಕೋಶ ಬೆಳೆಸಿ, ನಾಡಿಯಂತೆ ಮಿಡಿಸುತ್ತಾ 8 ವಾರದಲ್ಲಿ ನಾಳ ತಯಾರಿಸಿದ್ದರು. ಅವರೇ ಕಟ್ಟಿದ ಹ್ಯೂಮಸೈಟ್ ಕಂಪನಿಯ 6 ಮಿಲಿಮೀಟರ್ ನಾಳಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೈಕಾಲಿನ ಅಪಧಮನಿ ಹರಿದು, ರೋಗಿಯದೇ ಸಿರೆ ಬಳಸಲು ಆಗದಿದ್ದಾಗ ಅದನ್ನು ಹಾಕುತ್ತಾರೆ. ಬೆಳೆಸಿದ ಮೇಲೆ ಕೋಶ ತೆಗೆದಿರುವುದರಿಂದ ಅದರಲ್ಲಿ ಕೋಶಗಳೇ ಇಲ್ಲ, ರೋಗಿಯ ಕೋಶಗಳು ಆಮೇಲೆ ತಾವಾಗಿ ಒಳಸೇರುತ್ತವೆ. ರಕ್ತ ನಿಂತ ಕಾಲಿನ ಸ್ನಾಯು ಸುಮಾರು ಆರು ಗಂಟೆಯಲ್ಲಿ ಕೆಡಲು ತೊಡಗುತ್ತದೆ. ಆ ರೋಗಿಯ ಕೋಶ ತೆಗೆದು ವಾರಗಟ್ಟಲೆ ಬೆಳೆಸಿ ಬಿತ್ತುವಷ್ಟು ಹೊತ್ತು ಎಲ್ಲಿದೆ?

ಆದರೆ 4 ಮಿಲಿಮೀಟರಿಗಿಂತ ಸಣ್ಣ ನಾಳವಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಅಲ್ಲಿ ಒಳಪದರದ ಪ್ರಶ್ನೆ ನಿಜವಾದದ್ದೇ. ನಿಮ್ಮ ನಾಳದ ಒಳವ್ಯಾಸ ಎಷ್ಟೆಂದು ಬರೆಯಿರಿ.