ಬರಹಗಾರರಿಗೆ ಸಲಹೆ: ಎರಡು ರಾತ್ರಿಗಳ ನಡುವೆ

ಮಾನ್ಯರೇ,

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ಅವರ ‘ಸಾರಾಬಾಂಡ್’ (2003) ಚಿತ್ರದ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೂ ಅದರ ಒಂದು ಪ್ಯಾರಾ ನನ್ನನ್ನು ತಡೆದು ನಿಲ್ಲಿಸಿದ್ದರಿಂದ ಈ ಪತ್ರ ಉದ್ದವಾಗುತ್ತಿದೆ.

ಲೇಖನದ ಮುಕ್ಕಾಲು ಪಾಲು ಕಥೆ ಹೇಳುವುದಕ್ಕೇ ಖರ್ಚಾಗಿದೆ. 1973ರ ಟಿವಿ ಸರಣಿ ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ನಲ್ಲಿ ಬೇರೆಯಾಗಿದ್ದ ದಂಪತಿ ಮರಿಯಾನ್ ಮತ್ತು ಯೋಹಾನ್ ದಶಕಗಳ ನಂತರ ಇಲ್ಲಿ ಮತ್ತೆ ಎದುರಾಗುತ್ತಾರೆ, ಪಾತ್ರ ವಹಿಸಿದವರೂ ಅದೇ ಲಿವ್ ಉಲ್ಮನ್ ಮತ್ತು ಎರ್ಲಾಂಡ್ ಯೋಸೆಫ್ಸನ್ ಎಂದು ಒಂದು ವಾಕ್ಯದಲ್ಲಿ ಹೇಳಿದ್ದರೆ ಸಾಕಿತ್ತು. ‘ಮನಕಲಕುವ’ ಎಂಬ ಪದ ಏಳು ಬಾರಿ ಬಂದಿದೆ (ಎಣಿಸಿದೆ, ಕ್ಷಮಿಸಿ). ಮನ ಕಲಕಿದ ದೃಶ್ಯ ಬಂದಿರುವುದು ಒಮ್ಮೆ ಮಾತ್ರ.

ನಾನು ಹೇಳಿದ ಪ್ಯಾರಾ ಅದೇ. ನಡುರಾತ್ರಿ ದಿಗಿಲುಬಿದ್ದ ಮುದುಕ ಯೋಹಾನ್ ಮರಿಯಾನ್‌ಳ ಕೋಣೆಯ ಬಾಗಿಲಲ್ಲಿ ನಡುಗುತ್ತ ನಿಲ್ಲುತ್ತಾನೆ, ಬಟ್ಟೆ ಕಳಚುತ್ತಾನೆ, ಅವಳೂ ಕಳಚುತ್ತಾಳೆ, ಇಕ್ಕಟ್ಟಾದ ಮಂಚದಲ್ಲಿ ಇಬ್ಬರೂ ಮಲಗುತ್ತಾರೆ. ಇಷ್ಟನ್ನು ನೀವು ಒಂದೂ ಅಲಂಕಾರವಿಲ್ಲದೆ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ ‘ಪ್ರೀತಿಗೆ ವಯಸ್ಸಿಲ್ಲ’ ಎಂದು ಅದರ ಮೇಲೆ ತಣ್ಣೀರು ಸುರಿದಿದ್ದೀರಿ. ದಯವಿಟ್ಟು ಸರಣಿಯ ಕೊನೆಯ ಕಂತನ್ನು ಮತ್ತೊಮ್ಮೆ ನೋಡಿ. ಅಲ್ಲಿ ಕೆಟ್ಟ ಕನಸು ಕಂಡು ಬೆಚ್ಚಿ ಏಳುವವಳು ಮರಿಯಾನ್, ಅವಳನ್ನು ಸಂತೈಸುವವನು ಯೋಹಾನ್. ಇಷ್ಟು ವರ್ಷಗಳಲ್ಲಿ ಆ ಭಯ ಅವಳಿಂದ ಇವನಿಗೆ ದಾಟಿದೆ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ವಯಸ್ಸಿನ ವಿಷಯವನ್ನು ‘ನಿರ್ದೇಶಕರ ಪ್ರಮಾದ’ ಎಂದು ತಳ್ಳಿಹಾಕಿರುವುದು ನನಗೆ ಒಪ್ಪಿಗೆಯಾಗಲಿಲ್ಲ. ಸರಣಿಯಲ್ಲಿ ಅವಳಿಗೆ 35, ಅವನಿಗೆ 42. ಚಿತ್ರದಲ್ಲಿ ಅವಳಿಗೆ 63, ಅವನಿಗೆ 86. ಲೆಕ್ಕ ತಪ್ಪಿರುವುದು ನಿಜ. ಆದರೆ ಚಿತ್ರ ಪ್ರಸಾರವಾದಾಗ ಬರ್ಗ್‌ಮನ್ ಅವರಿಗೇ 85 ತುಂಬಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಯೋಹಾನ್‌ನನ್ನು ಅವರು ತಮ್ಮ ಮುಪ್ಪಿನ ಹತ್ತಿರಕ್ಕೆ ಎಳೆದುಕೊಂಡರೇ ಎಂಬ ಪ್ರಶ್ನೆಯಾದರೂ ಏಳಬೇಕು.

ಇನ್ನೊಂದು ಮಾತು. ಯೋಹಾನ್‌ನ ಮಗ ಹೆನ್ರಿಕ್ ಮತ್ತು ಅವನಿಂದ ಚೆಲ್ಲೋ ಎಂಬ ತಂತಿವಾದ್ಯ ಕಲಿಯುವ ಅವನ ಮಗಳು ಕಾರಿನ್ ಚಿತ್ರದ ದೊಡ್ಡ ಭಾಗವನ್ನು ಆವರಿಸಿದ್ದಾರೆ. ನೀವು ಅವರಿಗೆ ಕೊಟ್ಟಿರುವುದು ಒಂದೇ ಸಾಲು. ಗಂಡ ಹೆಂಡಿರನ್ನು ಕಾಣಲು ಹೋದವರಿಗೆ ಈ ತಂದೆ ಮಗಳ ಉಸಿರುಗಟ್ಟಿಸುವ ನಂಟು ಏಕೆ ಎದುರಾಗುತ್ತದೆ ಎಂಬುದನ್ನು ಬಿಟ್ಟರೆ ಚಿತ್ರದ ಅರ್ಧವನ್ನೇ ಬಿಟ್ಟಂತೆ.

ಎಂಟುನೂರು ಪದಗಳ ಒಳಗೆ ತಿದ್ದಿ ಬರೆದು, ಮುಂದಿನ ತಿಂಗಳ ಕೊನೆಯೊಳಗೆ ಕಳುಹಿಸಿ. ಶೀರ್ಷಿಕೆಯ ಚಿಂತೆ ನಮಗಿರಲಿ.

ವಿಶ್ವಾಸದಿಂದ,
ಸಂಪಾದಕ